ಜರ್ಮನ್ ಪೆಟ್ಟಿಗೆಗಳ ಪಿನ್ನು

ಡೋಂಬಿವಲಿ ಪೂರ್ವ
14 ಜೂನ್ 2011

ಪ್ರಿಯ ಪುಂಡರೀಕಾಕ್ಷನಿಗೆ ರಘುಪತಿಯ ನಮಸ್ಕಾರ.

ನಿನ್ನ ಫೋನು ಬಂದು ಹತ್ತು ದಿನವಾಯಿತು, ಉತ್ತರ ಕೊಡಲಿಲ್ಲವೆಂದು ಸಿಟ್ಟಾಗಬೇಡ. ಫೋನಿನಲ್ಲಿ ನಾನು ನಿನ್ನ ಜೊತೆ ಜಗಳಕ್ಕೆ ಇಳಿಯುತ್ತೇನೆ, ಕಾಗದದಲ್ಲಾದರೆ ಮರ್ಯಾದೆಯಿಂದ ಇರುತ್ತೇನೆ. ಮೇಲಾಗಿ ಚಿತ್ರ ಬರೆದು ತೋರಿಸದಿದ್ದರೆ ನಿನ್ನ ತಲೆಗೆ ಏನೂ ಹೋಗುವುದಿಲ್ಲ. ನಿನ್ನ ಮನೆಯಾಕೆ ಸುಂದರಿಯಕ್ಕನ ಮಂಡಿನೋವು ಹೇಗಿದೆ? ನಿನ್ನ ಮಗಳು ನಿಶ್ಮಿತಾಳಿಗೆ ಬ್ಯಾಂಕಿನ ಕೆಲಸ ಖಾಯಂ ಆಯಿತೆಂದು ಕೇಳಿ ಸಂತೋಷವಾಯಿತು.

ನೀನು ನಮ್ಮಿಬ್ಬರ ಆ ಸ್ಪೀಕರುಗಳ ಮಾತು ಎತ್ತಿದ್ದೇ ನನಗೆ ಹಬ್ಬ. ನೀನು ಡೋಂಬಿವಲಿ ಬಿಟ್ಟು ಸೀವುಡ್ಸಿಗೆ ಹೋದ ಮೇಲೆ ಎಂಟು ವರ್ಷ ಅವು ನಿನ್ನ ಮನೆಯ ಹಾಲ್‌ನಲ್ಲಿ ಬಟ್ಟೆ ಹೊದ್ದು ಕೂತಿದ್ದವು. ನನ್ನ ಒಂದು ಕೋಣೆಯ ಮನೆಯಲ್ಲಿ ಗೋಡೆಯೆಲ್ಲ ಒದ್ದೆ, ಅದಕ್ಕೇ ನಿನ್ನ ಹತ್ತಿರ ಇರಲಿ ಎಂದೆ. ಈಗ ಯಾರೋ ಕೊಟ್ಟ ಹೊಸ ಆಂಪ್ಲಿಫೈಯರಿಗೆ ಅವನ್ನು ಜೋಡಿಸಬೇಕು, ಯಾವ ಪಿನ್ನು ಸರಿ ಎಂದು ಕೇಳಿದೆಯಲ್ಲ. ಕೇಳು.

ನಮ್ಮ ಜರ್ಮನ್ ಪೆಟ್ಟಿಗೆಯ ಬೆನ್ನಿಗೆ ಒಂದು ಸೀಳು, ಒಂದು ದುಂಡು ತೂತು ಇವೆ. ಸೀಳಿಗೆ ಚಪ್ಪಟೆ ಕಡ್ಡಿ, ಅದು ಮೈನಸ್. ತೂತಿಗೆ ದುಂಡು ಕಡ್ಡಿ, ಅದು ಪ್ಲಸ್. ಆ ಪಿನ್ನು ಈಗ ಯಾವ ಅಂಗಡಿಯಲ್ಲೂ ಇಲ್ಲ. ಠಾಣೆಯ ಅಂಗಡಿಯವನು ಪೆಟ್ಟಿಗೆ ಕೊರೆದು ಹೊಸ ಟರ್ಮಿನಲ್ ಕೂರಿಸಿ ಎಂದ. ಅವನ ಮುಖಕ್ಕೆ ಉಗಿಯುವುದೊಂದು ಬಾಕಿ. ನೀನೂ ಫೋನಿನಲ್ಲಿ, "ಮಾರಾಯಾ, ತೂತು ಗೀತು ಹಾಕ್ಬೇಡ. ಹೇಗುಂಟೋ ಹಾಗೇ ಇರ್ಬೇಕು, ಒಂದು ಗೀರು ಬೀಳ್ಬಾರ್ದು" ಅಂದೆಯಲ್ಲ, ಆ ಮಾತು ಕೇಳಿ ನನಗೆ ಕಣ್ಣು ತುಂಬಿತು. ಇಷ್ಟು ವರ್ಷವಾದರೂ ನಿನಗೆ ಅವುಗಳ ಮೇಲೆ ಪ್ರೀತಿ ಉಂಟು ಎಂದುಕೊಂಡೆ.

ಕೊನೆಗೆ ವಿಠ್ಠಲವಾಡಿ ಸ್ಟೇಷನ್ ಹೊರಗೆ ಹಳೆಯ ಟೇಪ್‌ರೆಕಾರ್ಡರುಗಳನ್ನು ಬಿಚ್ಚಿ ಮಾರುವ ಯಂಕಣ್ಣನ ಹತ್ತಿರ ಸಿಕ್ಕಿತು. ರಾಯಚೂರಿನವನು. "ಯಾವ ಕಾಲದ್ದು ಕೇಳಾಕತ್ತೀರಿ ಸಾಹೇಬ್ರ? ಇದನ್ನ ಕೇಳಾಕ ಬಂದಾವ್ರು ಈ ವರ್ಷ ನೀವೊಬ್ರ ನೋಡ್ರಿ" ಎನ್ನುತ್ತ ಡಬ್ಬಿ ಸುರಿದ. ಎರಡು ತಾಸು ಕೂತು ಹುಡುಕಿ ನಾಲ್ಕು ಪಿನ್ನು ಆರಿಸಿದೆ. ಎರಡು ಕೆಲಸಕ್ಕೆ, ಎರಡು ಮುಂದೆ ಬೇಕಾದರೆ ಇರಲಿ ಎಂದು.

ಇನ್ನು ಆಂಪ್ಲಿಫೈಯರಿನ ಕಡೆ. ಬರಿಯ ತಂತಿ ಸುತ್ತಿದರೆ ನಿಮ್ಮ ಸಮುದ್ರದ ಖಾಡಿಯ ಉಪ್ಪುಗಾಳಿಗೆ ಒಂದು ಮಳೆಗಾಲದಲ್ಲಿ ಹಸಿರು ಹಿಡಿಯುತ್ತದೆ. ಎಲ್ಲರೂ ಬಾಳೆಕಾಯಿಯ ಹಾಗೆ ನಡು ಉಬ್ಬಿದ ಬನಾನಾ ಪಿನ್ನು ಹಾಕು ಅನ್ನುತ್ತಾರೆ, ಹಾಕಿದರೆ ಲಕ್ಷಣವಾಗಿಯೂ ಕಾಣುತ್ತದೆ. ಆದರೆ ಅದು ಗೋಡೆಯ ಕರೆಂಟಿನ ಸಾಕೆಟ್ಟಿಗೂ ಸಲೀಸಾಗಿ ಹೋಗುತ್ತದೆ, ನಿನ್ನ ಕೈಯನ್ನು ನಾನು ಬಲ್ಲೆ. 1984ರ ಗಣಪತಿ ಮರೆತೆಯಾ? ಆಗ ಎಲ್ಲರ ಹಾಗೆ ನಾವೂ ಸ್ಪೀಕರಿನ ವಾಯರಿಗೆ ಇಸ್ತ್ರಿಪೆಟ್ಟಿಗೆಯ ಎರಡು ಕಡ್ಡಿಯ ಪ್ಲಗ್ಗನ್ನೇ ಹಾಕಿದ್ದೆವು. ಆರತಿಗೆ ಹೊತ್ತಾಯಿತೆಂದು ನೀನು ಅದನ್ನು ಸೀದಾ ಗೋಡೆಗೆ ಚುಚ್ಚಿದೆ. ಎಡ ಪೆಟ್ಟಿಗೆ ಒಮ್ಮೆ ಗುಂಯ್ ಎಂದು ಹೊಗೆ ಬಿಟ್ಟಿತು. ಇಡೀ ಚಾಳಿನ ವಠಾರದವರ ಮುಂದೆ ನಾನು ನನ್ನ ಕೈತಪ್ಪು ಎಂದೆ. ಅಲ್ಲಿಯವರು ಈಗಲೂ ಸಿಕ್ಕಿದರೆ "ರಘುಪತಿ, ಸ್ಪೀಕರ್ ಸುಟ್ಟವ" ಎಂದು ನಗುತ್ತಾರೆ, ನಗಲಿ. ಈ ಸಲ ಯು ಆಕಾರದ ತಗಡಿನ ಲಗ್ ಹಾಕುತ್ತೇನೆ. ಸ್ಕ್ರೂ ಬಿಚ್ಚಿ ಕೂರಿಸಿ ಬಿಗಿ ಮಾಡಬೇಕು, ಗೋಡೆಗೆ ಚುಚ್ಚಲು ನೀನು ತಲೆಕೆಳಗಾಗಿ ನಿಂತರೂ ಆಗದು.

ಜುಲೈ ಮೂರಕ್ಕೆ, ಭಾನುವಾರ, ಬರುತ್ತೇನೆ. ಮನೆಯವಳು ಹೋದ ಮೇಲೆ ಭಾನುವಾರ ಎಂದರೆ ನನಗೆ ದೊಡ್ಡ ಬೆಟ್ಟ. ಇನ್ನು ಮುಂದೆ ಎರಡು ವಾರಕ್ಕೊಮ್ಮೆ ಬಂದು ಮೊದಲಿನ ಹಾಗೆ ನಿನ್ನ ಜೊತೆ ಕೂತು ಕೇಳುತ್ತೇನೆ. ಬೇಡ ಎಂದರೂ ಬರುತ್ತೇನೆ.

ಎಲ್ಲರಿಗೂ ನನ್ನ ನೆನಪು ಹೇಳು.

ನಿನ್ನ
ರಘುಪತಿ


ಡೋಂಬಿವಲಿ ಪೂರ್ವ
23 ಆಗಸ್ಟ್ 2011

ಪುಂಡರೀಕಾಕ್ಷನಿಗೆ ನಮಸ್ಕಾರ.

ಈ ಕಾಗದ ಮೂರು ವಾರ ತಡ. ನಾಲ್ಕು ಸಲ ಬರೆದೆ, ನಾಲ್ಕು ಸಲ ಹರಿದೆ. ಕಾಗದದಲ್ಲಿ ಮರ್ಯಾದೆಯಿಂದ ಇರುತ್ತೇನೆ ಎಂದು ಹೋದ ಸಲ ಜಂಬದಿಂದ ಬರೆದಿದ್ದೆ, ಈಗ ಆ ಮಾತು ಉಳಿಸಿಕೊಳ್ಳುವುದು ಕಷ್ಟವಾಗಿದೆ. ಸುಂದರಿಯಕ್ಕನಿಗೆ ಎಣ್ಣೆ ಕಳಿಸುತ್ತೇನೆಂದು ಹೇಳಿದ್ದೆ, ಅದನ್ನು ಬೇರೆಯಾಗಿ ಕಳಿಸಿದ್ದೇನೆ. ಅದಕ್ಕೂ ಇದಕ್ಕೂ ಸಂಬಂಧವಿಲ್ಲ.

ಜುಲೈ ಮೂರರಂದು ಆ ಮಳೆಯಲ್ಲಿ ವಾಯರುಗಳನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಎದೆಗೆ ಅವಚಿಕೊಂಡು ಠಾಣೆಯಲ್ಲಿ ಗಾಡಿ ಬದಲಿಸಿ ನಿನ್ನ ಮನೆಗೆ ಬಂದೆ. ಹಾಲ್‌ನಲ್ಲಿ ಬಿಳಿ ಕುರ್ತಾದ ಒಬ್ಬರು ಕೂತಿದ್ದರು. "ನಮ್ಮ ಪರಿಚಯದವರು, ಅವರಿಗೂ ಹಳೆ ಸ್ಪೀಕರ್ ಅಂದ್ರೆ ಹುಚ್ಚು" ಎಂದು ನೀನಂದೆ. ನನಗೆ ಅಷ್ಟೇ ಸಾಕಾಯಿತು. ಹುಚ್ಚನಿಗೆ ಇನ್ನೊಬ್ಬ ಹುಚ್ಚ ಸಿಕ್ಕಿದರೆ ಕೇಳಬೇಕೆ? ಅವರ ಮುಂದೆ ನೆಲದ ಮೇಲೆ ಕೂತು ಒಂದೊಂದೇ ತೋರಿಸಿದೆ. ಪೆನ್ಸಿಲ್ ಸೆಲ್ ಮುಟ್ಟಿಸಿ, ಪ್ಲಸ್ಸು ಸರಿಯಿದ್ದರೆ ಕಾಗದದ ಕೋನು ಮುಂದಕ್ಕೆ ಬರುತ್ತದೆ, ತಪ್ಪಿದ್ದರೆ ಹಿಂದಕ್ಕೆ ಹೋಗುತ್ತದೆ ಎಂದು ತೋರಿಸಿದೆ. ಎಡ ಪೆಟ್ಟಿಗೆಯ ಸುರುಳಿಯನ್ನು 84ರಲ್ಲಿ ಮರುಸುತ್ತಿಸಿದಾಗ ಉಲ್ಟಾ ಸುತ್ತಿದ್ದಾರೆ, ಅದಕ್ಕೆ ಮಾತ್ರ ವಾಯರು ತಿರುವಿ ಹಾಕಬೇಕು, ಇಲ್ಲದಿದ್ದರೆ ತಬಲದ ಎಡಗೈ ದಗ್ಗೆಯ ಮಂದ್ರ ದನಿಯೇ ಮಾಯವಾಗುತ್ತದೆ ಎಂದು ಹೇಳಿದೆ. ನೆನಪಿಗೆಂದು ಆ ಪಿನ್ನಿಗೆ ಕೆಂಪು ನೂಲು ಕಟ್ಟಿದೆ. ಅವರು ಎಲ್ಲವನ್ನೂ ಮೊಬೈಲಿನಲ್ಲಿ ಫೋಟೊ ತೆಗೆದರು. ಎಷ್ಟು ಆಸಕ್ತಿ ಈ ಮನುಷ್ಯನಿಗೆ ಎಂದುಕೊಂಡೆ.

ಆಮೇಲೆ ಹಾಡು ಹಾಕಿದೆವು. ನಮ್ಮ ಭಜನಾ ಮಂಡಳಿಯ ಹಳೆಯ ಕ್ಯಾಸೆಟ್ಟು, ಹಿಂದೆ ನಿನ್ನದೇ ತಾಳ ಅರ್ಧ ಮಾತ್ರೆ ಮುಂದೆ ಓಡುತ್ತದೆ. ಎಂಟು ವರ್ಷದ ಮೇಲೆ ಆ ಪೆಟ್ಟಿಗೆಗಳು ಬಾಯಿ ಬಿಟ್ಟಾಗ ನಾನು ಅತ್ತೆ, ಸುಳ್ಳೇಕೆ ಹೇಳಲಿ. ನೀನು ನನ್ನ ಕಡೆ ನೋಡಲಿಲ್ಲ. ಕುರ್ತಾದವರ ಮುಖವನ್ನೇ ನೋಡುತ್ತಿದ್ದೆ. ನಿನಗೂ ಅಳು ಬಂದಿದೆ, ನಾಚಿಕೆ ಪಡುತ್ತಿದ್ದೀಯ ಎಂದೇ ನಾನು ತಿಳಿದೆ.

ಆಮೇಲೆ ಎರಡು ವಾರಕ್ಕೆ ಫೋನು ಮಾಡಿದರೆ ನಿನಗೆ ಜ್ವರ, ಮತ್ತೊಂದು ವಾರಕ್ಕೆ ಮನೆಯಲ್ಲಿ ನೆಂಟರು. ಜುಲೈ ಮೂವತ್ತೊಂದಕ್ಕೆ ಹೇಳದೆ ಕೇಳದೆ ಹೊರಟುಬಂದೆ. ಉಳಿದ ಎರಡು ಪಿನ್ನುಗಳನ್ನೂ ಜೇಬಿನಲ್ಲಿ ಇಟ್ಟುಕೊಂಡಿದ್ದೆ. ಬಾಗಿಲು ತೆಗೆದವಳು ನಿಶ್ಮಿತಾ. ಒಳಗೆ ಕಾಲಿಟ್ಟರೆ ಸ್ಪೀಕರುಗಳಿದ್ದ ಜಾಗದಲ್ಲಿ ಎರಡು ಹೂಕುಂಡ.

"ಪೆಟ್ಟಿಗೆ ಎಲ್ಲಿ ಮಗಾ?" ಎಂದೆ.

"ಅಂಕಲ್, ವೊ ತೋ ಪಪ್ಪಾ ನೆ ಬೇಚ್ ದಿಯಾ ನಾ. ಉನ್ ಕುರ್ತೇವಾಲೇ ಅಂಕಲ್ ಕೋ. ಮಾರಿದ್ದು ನಿಮ್ಗೆ ಗೊತ್ತಿಲ್ವಾ?" ಎಂದಳು. ಆ ಹುಡುಗಿಗೆ ನಿಜವಾಗಿಯೂ ಆಶ್ಚರ್ಯವಾಗಿತ್ತು. "ಆಪ್ ಹೀ ತೋ ದಿಖಾನೇ ಆಯೇ ಥೇ."

ಹೌದು, ತೋರಿಸಲು ಬಂದವನು ನಾನೇ. ಆ ಆಂಪ್ಲಿಫೈಯರು ಕೂಡ ಪರೀಕ್ಷೆ ಮಾಡಲೆಂದು ಕುರ್ತಾದವರೇ ತಂದಿಟ್ಟದ್ದಂತೆ. ನುಡಿಯುವುದನ್ನು ಕಣ್ಣಾರೆ ಕಾಣದೆ ಕೊಳ್ಳುವುದಿಲ್ಲ, ಪೆಟ್ಟಿಗೆಗೆ ಹೊಸ ತೂತು ಬಿದ್ದಿದ್ದರೆ ಬೇಡವೇ ಬೇಡ ಎಂದು ಹೇಳಿದ್ದರಂತೆ. ಗೀರು ಬೀಳಬಾರದು ಎಂದು ನೀನು ಯಾಕೆ ಅಷ್ಟು ಹೇಳಿದೆ ಎಂಬುದು ಆಗ ತಿಳಿಯಿತು. ನಾನು ವಿಠ್ಠಲವಾಡಿಯ ಗುಜರಿಯಲ್ಲಿ ಕೂತು ಹುಡುಕಿದ್ದು, ಒಂದೊಂದು ಬೆಸುಗೆಯನ್ನೂ ಕನ್ನಡಕ ಒರೆಸಿ ಒರೆಸಿ ಹಾಕಿದ್ದು, ನಮ್ಮ ಪೆಟ್ಟಿಗೆಗಳನ್ನು ಮನೆಯಿಂದ ಹೊರಗೆ ಕಳಿಸಲಿಕ್ಕೆ. ಸಾಕಿದ ಹಸುವಿಗೆ ನನ್ನ ಕೈಯಿಂದಲೇ ಅರಿಶಿನ ಹಚ್ಚಿಸಿ ನೀನು ಸಂತೆಗೆ ಹೊಡೆದೆ.

"ಪಪ್ಪಾ ಎಲ್ಲಿ?" ಎಂದರೆ, "ಸೋ ರಹೇ ಹೈ" ಎಂದಳು. ಬೆಳಿಗ್ಗೆ ಹನ್ನೊಂದು ಗಂಟೆಗೆ ನಿದ್ದೆಯಂತೆ. ನಿನ್ನ ಚಪ್ಪಲಿ ಬಾಗಿಲಲ್ಲಿತ್ತು, ಚಹಾದ ಲೋಟದಿಂದ ಇನ್ನೂ ಹಬೆ ಏಳುತ್ತಿತ್ತು, ಮಲಗುವ ಕೋಣೆಯೊಳಗೆ ನೀನು ಕೆಮ್ಮಿದೆ. ನಿನ್ನ ಕೆಮ್ಮನ್ನು ನಾನು ಮೂವತ್ತು ವರ್ಷದಿಂದ ಬಲ್ಲೆ ಮಾರಾಯಾ. ಹತ್ತು ನಿಮಿಷ ಕೂತೆ. ನೀನು ಬರಲಿಲ್ಲ.

ಪುಂಡರೀಕಾಕ್ಷಾ, ಮಾರುವುದಾದರೆ ಮಾರುತ್ತೇನೆ ಎಂದು ಒಂದು ಮಾತು ಹೇಳಿದ್ದರೆ ನಾನು ಏನು ಮಾಡುತ್ತಿದ್ದೆ? ಎರಡು ದಿನ ಕೂಗಾಡುತ್ತಿದ್ದೆ. ಮೂರನೆಯ ದಿನ, ಆಯಿತು ಮಾರಾಯಾ, ನಿನಗೂ ಕಷ್ಟ ಇರಬಹುದು ಎಂದು ಬರುತ್ತಿದ್ದೆ, ಪೆಟ್ಟಿಗೆ ಹೊರಲಿಕ್ಕೂ ಒಂದು ಕೈ ಕೊಡುತ್ತಿದ್ದೆ. ಅವು ನಿನ್ನೊಬ್ಬನದಲ್ಲ. ತನ್ನ ದೇಶಕ್ಕೆ ತಿರುಗಿ ಹೋಗುವ ಜರ್ಮನ್ ಸಾಹೇಬನಿಂದ ಅವನ್ನು ಕೊಳ್ಳುವ ದುಡ್ಡಿಗಾಗಿ ನಾವಿಬ್ಬರೂ ಎರಡು ವರ್ಷ ಊರಿನ ಮುಖ ನೋಡಲಿಲ್ಲ. ಠಾಣೆಯಿಂದ ರೈಲಿನ ಲಗೇಜ್ ಡಬ್ಬದಲ್ಲಿ ಮೀನಿನ ಬುಟ್ಟಿಗಳ ನಡುವೆ ಒಂದನ್ನು ನೀನು, ಒಂದನ್ನು ನಾನು ತಬ್ಬಿಕೊಂಡು ತಂದೆವು. ಒಂದು ತಿಂಗಳು ಹಾಡು ಹಾಕಿದರೆಲ್ಲ ಬಂಗುಡೆಯ ವಾಸನೆ. ಇಬ್ಬರಲ್ಲಿ ಯಾರು ಮೊದಲು ಹೋದರೂ ಇನ್ನೊಬ್ಬ ಎರಡನ್ನೂ ಇಟ್ಟುಕೊಳ್ಳಬೇಕು, ಜೋಡಿ ಒಡೆಯಬಾರದು ಎಂದು ನೀನೇ ಅಂದದ್ದು. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು ಎನ್ನುತ್ತಾರೆ. ಆದರೆ ನೀನು ದಾಟುವ ಹೊತ್ತಿಗೇ ಅಂಬಿಗನನ್ನು ನೀರಿಗೆ ನೂಕಿದೆ.

ನಿನ್ನ ಪಾಲು ನನ್ನ ಪಾಲು ಎಂದು ನಾನು ಕೇಳುವುದಿಲ್ಲ. ದುಡ್ಡು ಕಳಿಸಿದರೆ ವಾಪಸು ಕಳಿಸುತ್ತೇನೆ. 84ರ ಮಾತನ್ನೂ ಯಾರಿಗೂ ಹೇಳುವುದಿಲ್ಲ, ಹೆದರಬೇಡ.

ಒಂದು ಕೆಲಸ ಮಾಡು. ಇದರ ಜೊತೆ ಬೇರೆ ಹಾಳೆಯಲ್ಲಿ ಚಿತ್ರ ಬರೆದಿದ್ದೇನೆ, ಉಳಿದ ಎರಡು ಪಿನ್ನುಗಳನ್ನೂ ಇಟ್ಟಿದ್ದೇನೆ. ಕುರ್ತಾದವರಿಗೆ ತಲುಪಿಸು. ಕೆಂಪು ನೂಲಿನದು ಎಡಕ್ಕೇ ಹೋಗಬೇಕು. ಯಾರಾದರೂ ಬನಾನಾ ಪಿನ್ನು ಹಾಕಿಕೊಡುತ್ತೇನೆಂದು ಬಂದರೆ ಬೇಡವೆನ್ನಲಿ, ಅವರ ಮನೆಯಲ್ಲೂ ಆತುರದವರು ಇರಬಹುದು. ತಪ್ಪು ನಿನ್ನದು, ಪೆಟ್ಟಿಗೆಗಳದ್ದಲ್ಲ. ಅವು ಎಲ್ಲಿದ್ದರೂ ಚೆನ್ನಾಗಿ ನುಡಿಯಲಿ.

ನಿಶ್ಮಿತಾಳನ್ನು ಬೈಯಬೇಡ, ಅವಳು ಕೇಳಿದ್ದಕ್ಕೆ ನಿಜ ಹೇಳಿದಳು ಅಷ್ಟೆ. ಅವಳಿಗೆ ಒಳ್ಳೆಯ ಕಡೆ ಸಂಬಂಧ ಕೂಡಿಬರಲಿ, ನೂರು ಕಾಲ ಬಾಳಲಿ ಎಂದು ನನ್ನ ಆಶೀರ್ವಾದ. ಸುಂದರಿಯಕ್ಕ ಎಣ್ಣೆಯನ್ನು ಬಿಸಿ ಮಾಡಿ ಹಚ್ಚಿಕೊಳ್ಳಲಿ. ನಿನ್ನ ಕೆಮ್ಮಿಗೂ ಯಾರಿಗಾದರೂ ತೋರಿಸು.

ಇತಿ
ರಘುಪತಿ

ಮರೆತ ಮಾತು: ಮರೆತದ್ದೂ ಅಲ್ಲ, ಬರೆಯಬಾರದು ಎಂದಿದ್ದೆ. ಜುಲೈ ಮೂರರಂದು ನಾನು ಕೈ ತೊಳೆಯಲು ಅಡಿಗೆಮನೆಗೆ ಹೋದಾಗ ಕುರ್ತಾದವರು "ಯೇ ಕೌನ್ ಹೈ? ಆಪ್ ಕೇ ದೋಸ್ತ್?" ಎಂದು ಕೇಳಿದರು. ನೀನು, "ನಹೀ ನಹೀ, ಡೋಂಬಿವಲಿ ಕಾ ವಾಯರ್‌ವಾಲಾ ಹೈ. ಕಭೀ ಕಭೀ ಬುಲಾತಾ ಹೂಂ" ಎಂದೆ. ನಾನು ನಲ್ಲಿ ನಿಲ್ಲಿಸಿದ್ದೆ, ಸ್ನೇಹಿತನಲ್ಲ, ಆಗೀಗ ಕರೆಸುವ ವಾಯರಿನವನು ಎಂದದ್ದು ಪೂರ್ತಿ ಕೇಳಿಸಿತು. ಸುಂದರಿಯಕ್ಕ ಒಲೆಯ ಹತ್ತಿರ ನಿಂತಿದ್ದರು, ಅವರಿಗೂ ಕೇಳಿಸಿತು. ಅವರು ನನ್ನ ಮುಖ ನೋಡದೆ ತಟ್ಟೆಗೆ ಎರಡು ನೀರುದೋಸೆ ಹಾಕಿ, "ತಿನ್ನಿ ರಘುಪತಿಯಣ್ಣ, ಬಿಸಿ ಉಂಟು" ಎಂದರು. ತಿಂದೆ. ಆಮೇಲೆ ಹೊರಗೆ ಬಂದು, ಉಳಿದ ಒಂದು ಸ್ಕ್ರೂ ಬಿಗಿ ಮಾಡಿ ಹೋದೆ.