ಸಣ್ಣಕ್ಷರ ಮುಚ್ಚಿದ ಪುಟಗಳು

ಪುಟ್ಟಿಗೆ,

ನೀನು ಕಾರ್ಡಿನ ಡಬ್ಬಿಯನ್ನು ವಾಪಸು ಕಳಿಸಿದ್ದೀಯ. ಸುದ್ದಿ ಮುಟ್ಟಿಸಿದವಳು ಅಮ್ಮ. ನಾನು ಪ್ರೆಸ್ಸಿನಿಂದ ಬಂದು ಚಪ್ಪಲಿ ಬಿಡುವ ಮೊದಲೇ ಬಾಗಿಲಲ್ಲಿ ನಿಂತು ಹೇಳಿದಳು: "ಅವಳಿಗೆ ಇದು ಬೇಡವಂತೆ ಕಣೋ. ಕಥೆಪುಸ್ತಕ ಓದ್ತಾಳಂತೆ. ಓದ್ತಾ ಓದ್ತಾ ಅಕ್ಷರ ತಾನಾಗೇ ಬರುತ್ತಂತೆ."

ತಾನಾಗಿಯೇ ಬರುವುದು ನೆಗಡಿ ಮಾತ್ರ ಎಂದೆ. ಅಮ್ಮ ಡಬ್ಬಿಯನ್ನು ನನ್ನ ಕೈಗಿಟ್ಟಳು.

ಫೋನಿನಲ್ಲಿ ಮಾತಾಡಿದರೆ ಜಗಳವಾಗುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ. ಬೈಂಡಿಂಗ್ ಮುಗಿದ ಮೇಲೆ ಉಳಿದ ರಟ್ಟಿನಲ್ಲಿ ನಾನೇ ಕತ್ತರಿಸಿಕೊಟ್ಟ ಕಾರ್ಡುಗಳು ಅವು. ಒಂದು ಬದಿಗೆ ಒಂದೊಂದೂ ಒಂದು ಅರ್ಥ ಹೊತ್ತ ಜಪಾನಿಯ ಕಾಂಜಿ ಅಕ್ಷರ, ಇನ್ನೊಂದು ಬದಿಗೆ ಕನ್ನಡದ ಅರ್ಥ. ಬೇಡವಾದದ್ದಕ್ಕೆ ಬೇಸರವಿಲ್ಲ. ನೀನು ಕಲಿಯುವುದನ್ನೇ ಬಿಟ್ಟು, ಬಿಟ್ಟದ್ದಕ್ಕೆ ಒಂದು ಚಂದದ ಹೆಸರು ಇಟ್ಟುಕೊಂಡಿದ್ದೀಯೇನೋ ಎಂಬುದೇ ನನ್ನ ಅನುಮಾನ.

ಹೋದ ಸಲ ನೀನು ಮನೆಗೆ ಬಂದಾಗ ಕಿಟಕಿ ಪಕ್ಕ ಕೂತು ನರಿಯ ಕಥೆ ಓದುತ್ತಾ ಒಬ್ಬಳೇ ನಗುತ್ತಿದ್ದೆ. ನಾನು ಒಂದು ಅಕ್ಷರದ ಮೇಲೆ ಬೆರಳಿಟ್ಟು ಇದೇನೆಂದು ಕೇಳಿದೆ. "ಗೊತ್ತಿಲ್ಲ, ಮುಂದೆ ಹೋಗ್ತೀನಿ. ನಾಲ್ಕಾರು ಕಡೆ ಎದುರಾದ್ರೆ ಅದೇ ಪರಿಚಯ ಆಗುತ್ತೆ" ಎಂದೆ ನೀನು. ಬೀದಿಯಲ್ಲಿ ಕಂಡವರೆಲ್ಲ ನೆಂಟರಾಗ್ತಾರಾ ಎಂದು ನಾನು ಕೆಣಕಿದೆ. "ದಿನಾ ಕಂಡ್ರೆ ಆಗ್ತಾರಣ್ಣ. ನಿನ್ನ ಕಾರ್ಡು ಪಾಸ್‌ಪೋರ್ಟ್ ಫೋಟೋ ಇದ್ದ ಹಾಗೆ. ಫೋಟೋ ನೋಡಿ ಯಾರಾದ್ರೂ ಸ್ನೇಹ ಬೆಳೆಸ್ತಾರಾ? ಮೂಲೆ ಮಡಚಿರೋ ಕಾರ್ಡು ಕಂಡ್ರೆ ಆ ಗುರುತು ಹಿಡಿದೇ 'ಒತ್ತಡ' ಅಂತೀನಿ. ಅದೇ ಅಕ್ಷರ ಲಾಂಡ್ರಿ ಮೆಷಿನ್ ಮೇಲೆ ಕಂಡ್ರೆ ಬಾಯೇ ಬರಲ್ಲ."

ಆ ಮಾತಿನಲ್ಲಿ ಹುರುಳಿತ್ತು. ಆದರೂ ನಿನ್ನ ಪುಸ್ತಕವನ್ನು ಕೈಗೆತ್ತಿಕೊಂಡು ನೋಡಿದೆ. ಪ್ರತಿ ಕಾಂಜಿಯ ಪಕ್ಕದಲ್ಲೂ ಅದರ ಉಚ್ಚಾರಣೆಯನ್ನು ಸಣ್ಣಕ್ಷರದಲ್ಲಿ ಅಚ್ಚು ಹಾಕಿದ್ದಾರೆ. ಜಪಾನಿ ಮಾತು ನಿನಗೆ ಬರುತ್ತದೆ. ಸಣ್ಣಕ್ಷರ ಓದಿಕೊಂಡರೆ ಕಥೆ ಸಾಗುತ್ತದೆ, ದೊಡ್ಡಕ್ಷರದ ಕಡೆ ಕಣ್ಣು ಹಾಯಿಸಬೇಕಾಗಿಯೇ ಇಲ್ಲ. ನೀನು ನಿಜಕ್ಕೂ ಯಾವುದನ್ನು ಓದುತ್ತಿದ್ದೀಯ?

ನರಿ ಕಥೆಯಲ್ಲಿ ತಪ್ಪಿದರೆ ನರಿಗೇನೂ ಆಗುವುದಿಲ್ಲ. ಜಪಾನಿನಿಂದ ಬಂದ, ಫಲಕವೆಲ್ಲ ಕಾಂಜಿಯಲ್ಲೇ ಇರುವ ನಿಮ್ಮ ಲಾಂಡ್ರಿಯ ಹೊಸ ಇಸ್ತ್ರಿ ಯಂತ್ರ ಹಾಗಲ್ಲ. ಅದರ ರೋಲರುಗಳ ನಡುವೆ ಬಟ್ಟೆ ಸಿಕ್ಕಿಕೊಂಡರೆ ಬಿಡಿಸುವವಳು ನಿನ್ನ ಗೆಳತಿ, ನೀವೆಲ್ಲ ಸಿಡುಕಿ ಎಂದು ಕರೆಯುವವಳು. ಫಲಕ ಓದುವ ಕೆಲಸ ನಿನಗೆ ಸಿಕ್ಕಿದರೆ, ನೀನು "ಈಗ ಹಾಕು" ಎಂದಾಗ ಅವಳು ಕೈ ಹಾಕುತ್ತಾಳೆ.

ಹಾಗಾಗಿ ಮೊನ್ನೆ ನಿನಗೆ ಹೇಳದೆ ನಿಮ್ಮ ಸೂಪರ್‌ವೈಸರನ್ನು ಕಂಡೆ. ಕೋಪ ಬಂದರೆ ಬರಲಿ. ಸೋಪಿನ ಡ್ರಮ್ಮುಗಳ ನಡುವೆ ನಿಂತು ಅವರು ಹೇಳಿದ್ದನ್ನು ಹಾಗೆಯೇ ಬರೆಯುತ್ತೇನೆ: "ಓದ್ತಾಳೆ ಸ್ವಾಮಿ. ಯಂತ್ರ ಆರಿಸಿದ ಮೇಲೂ ತಣ್ಣಗಾಗೋವರೆಗೆ ಕಾಯ್ಬೇಕು ಅಂತ ಫಲಕ ನೋಡಿ ಸರಿಯಾಗೇ ಹೇಳಿದ್ಲು." ಕೇಳಿ ಸಂತೋಷವಾಯಿತು. ಬಸ್ ಹತ್ತುವ ಹೊತ್ತಿಗೆ ಅನುಮಾನ ಮತ್ತೆ ಹತ್ತಿಕೊಂಡಿತು. ಬಿಸಿ ಯಂತ್ರದ ಮೇಲೆ ಇನ್ನೇನು ಬರೆದಿರುತ್ತಾರೆ? ಜಪಾನಿ ಓದಲು ಬಾರದ ನಾನೂ ಅಷ್ಟು ಹೇಳುತ್ತಿದ್ದೆ. ಊಹೆ ಸರಿಯಾದಾಗ ಅದು ಓದಿನಂತೆಯೇ ಕಾಣುತ್ತದೆ, ಪುಟ್ಟಿ. ಹೊರಗಿನವರಿಗೆ ವ್ಯತ್ಯಾಸ ತಿಳಿಯುವುದಿಲ್ಲ. ಓದುವವಳಿಗಾದರೂ ತಿಳಿಯುತ್ತದೆಯೇ?

ಬಸ್ಸಿನಿಂದ ಇಳಿದು ಹಿಂದಕ್ಕೆ ಹೋದೆ. ಗೊತ್ತಿಲ್ಲದ ಅಕ್ಷರ ಬಂದರೆ ಅವಳು ಏನು ಮಾಡಬೇಕು ಎಂದು ಕೇಳಿದೆ. ಅವರು ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸುತ್ತಾ, "ಗೊತ್ತಿಲ್ಲ ಅಂದ್ರೆ ನಿಘಂಟು ಕೊಡ್ತೀನಿ. ಊಹೆ ಮಾಡಿದ್ರೆ ಬಟ್ಟೆ ಮಡಚೋಕೆ ಕಳಿಸ್ತೀನಿ" ಎಂದರು.

ನೀನು ಬಿಟ್ಟುಹೋದ ಇನ್ನೊಂದು ಕಥೆಪುಸ್ತಕ ನನ್ನ ಹತ್ತಿರ ಇತ್ತು. ಅದರ ಕೊನೆಯ ಅಧ್ಯಾಯದಲ್ಲಿ ಸಣ್ಣಕ್ಷರಗಳ ಮೇಲೆಲ್ಲ ತೆಳುವಾದ ಕಾಗದದ ಪಟ್ಟಿ ಅಂಟಿಸಿದ್ದೇನೆ. ದೊಡ್ಡಕ್ಷರಕ್ಕೆ ಅಂಟು ತಾಗದ ಹಾಗೆ ಅಂಟಿಸಲು ಎರಡು ಸಂಜೆ ಹಿಡಿಯಿತು. ಕಥೆ ಓದಿ ಕಲಿಯುವುದು ತಪ್ಪೆಂದು ಸಾಧಿಸಲು ಇದನ್ನು ಮಾಡಿಲ್ಲ. ನಿನ್ನ ದಾರಿಯೇ ಸರಿಯಿದ್ದರೆ ಆ ಪುಟಗಳಲ್ಲೂ ಓದು ಸಾಗುತ್ತದೆ, ನಾನು ಬಾಯಿ ಮುಚ್ಚಿಕೊಂಡಿರುತ್ತೇನೆ. ಎಲ್ಲಾದರೂ ತಡೆದರೆ, ಮನೆಯಲ್ಲಿ ಮಾಡುವ ಹಾಗೆ ದಾಟಿಕೊಂಡು ಹೋಗಬೇಡ. ನಿಂತು, ಗೊತ್ತಿಲ್ಲ ಎಂದು ಬಾಯಿ ಬಿಟ್ಟು ಹೇಳು. ಕಥೆ ಓದುವಾಗ ಆ ಮಾತು ಹೇಳುವ ಅಭ್ಯಾಸ ತಪ್ಪಿಹೋಗುತ್ತದೆ. ನನ್ನ ಭಯ ಇರುವುದು ಅಲ್ಲಿ.

ಬೈದರೂ ಉತ್ತರ ಬರೆ. ನಿನ್ನ ಕಣ್ಣು ಚುರುಕಾಗಿರಲಿ, ನಿನ್ನ ಮಾತು ನಂಬಿದವರ ಕೈ ಕ್ಷೇಮವಾಗಿರಲಿ.

ಪುಸ್ತಕವನ್ನು ಅಮ್ಮ ಶನಿವಾರ ತರುತ್ತಾಳೆ. ನಿಮ್ಮ ಸೂಪರ್‌ವೈಸರ್ ಇಟ್ಟಿರುವ ಓದಿನ ಪರೀಕ್ಷೆ ಸೋಮವಾರ ಬೆಳಿಗ್ಗೆ ಹತ್ತು ಗಂಟೆಗೆ, ಯಂತ್ರದ ಪಕ್ಕದಲ್ಲಿ. ಫಲಕದ ಮುಂದೆ ನೀನು, ರೋಲರಿನ ಮುಂದೆ ಸಿಡುಕಿ.

ನಿನ್ನ ಅಣ್ಣ