ಪೆಟ್ಟಿಗೆ ಬಿಟ್ಟು ಹೋದ ಮೇಷ್ಟ್ರಿಗೆ

ಹನಗೋಡು
೧೨-೧೧-೨೦೨೪, ಮಂಗಳವಾರ

ಯಜಮಾನರಿಗೆ ಸುಂದ್ರಮ್ಮನ ನಮಸ್ಕಾರಗಳು.

ನಾನಿಲ್ಲಿ ಚೆನ್ನಾಗಿದ್ದೇನೆ. ನಿಮ್ಮ ಮಂಡಿನೋವು ಹೇಗಿದೆ? ಬಿ.ಪಿ. ಮಾತ್ರೆ ಇಷ್ಟರಲ್ಲಿ ಮುಗಿದಿರಬೇಕು, ಇನ್ನೊಂದು ತಿಂಗಳಿಗಾಗುವಷ್ಟನ್ನು ಈ ಕಾಗದದ ಜೊತೆ ಕಟ್ಟಿದ್ದೇನೆ. ಎನ್. ಬೇಗೂರಿನ ಚಳಿಗೆ ಕಿವಿ ಮುಚ್ಚುವ ಹಾಗೆ ಮಫ್ಲರ್ ಸುತ್ತಿಕೊಳ್ಳಿ. ಗಂಟಲು ಕಟ್ಟಿದರೆ ನಾಟಕದ ಮೇಷ್ಟ್ರನ್ನು ಯಾರೂ ಕೇಳುವುದಿಲ್ಲ. ನಿಮ್ಮ ಫೋನಿಗೆ ಎಷ್ಟು ಸಲ ಮಾಡಿದರೂ ಸಿಗುವುದಿಲ್ಲ. ಅಲ್ಲಿ ನೆಟ್‌ವರ್ಕ್ ಇಲ್ಲವೋ, ನನ್ನ ನಂಬರಿಗೆ ಮಾತ್ರ ಇಲ್ಲವೋ ಗೊತ್ತಿಲ್ಲ. ಅದಕ್ಕೇ ಈ ಕಾಗದ. ಅಲ್ಲಿನ ಕಾಡಂಚಿನ ಹಾಡಿಯ ರಮೇಶ್ ಜೀಪು ತಂದಿದ್ದಾನೆ, ಅವನ ಕೈಯಲ್ಲೇ ಕೊಟ್ಟು ಕಳಿಸುತ್ತೇನೆ.

ಊರಿನ ಸಮಾಚಾರ ಎಂದರೆ ಪಕ್ಕದ ಮನೆ ಗೌರೀಶನದೇ. ಈ ಸಲದ ನಾಟಕದಲ್ಲಿ ಅವನಿಗೆ ರಾಜನ ಪಾರ್ಟು ಅಲ್ಲವೇ, ದಿನಕ್ಕೆರಡು ಸಲ ಬಾಗಿಲಿಗೆ ಬಂದು “ಶಿವನಂಜಪ್ಪ ಮೇಷ್ಟ್ರು ಬಂದ್ರಾ ಅಕ್ಕಾ?” ಎನ್ನುತ್ತಾನೆ. ನೀವು ಬರದಿದ್ದರೆ ಕೆ.ಆರ್. ನಗರದಿಂದ ಬೇರೆ ಮೇಷ್ಟ್ರನ್ನು ಕರೆಸುತ್ತಾರಂತೆ. ನಾನು ಏನೆಂದು ಹೇಳಲಿ? ದಸರಾ ಮುಗಿದ ವಾರವೇ “ಕೋಟೆ ತಾಲೂಕ್ ಕಡೆ ಒಂದು ನಾಟಕ ಕಲಿಸ್ಬೇಕು ಕಣೆ, ಒಂದು ತಿಂಗ್ಳು ಆಯ್ತದೆ” ಎಂದು ಹೊರಟಿರಿ. ನಂಬಿದೆ. ಬಸ್ಸು ಹತ್ತಿಸಿ ಒಳಗೆ ಬಂದು ನೋಡಿದರೆ ನಿಮ್ಮ ಹಾರ್ಮೋನಿಯಂ ಪೆಟ್ಟಿಗೆ ಗೌಸು ಹೊದ್ದುಕೊಂಡು ಮೂಲೆಯಲ್ಲೇ ಕೂತಿದೆ! ನಲವತ್ತು ವರ್ಷ ಅದನ್ನು ಬಿಟ್ಟು ನೀವು ಪಕ್ಕದ ಊರಿಗೂ ಹೋದವರಲ್ಲ. ಮದುವೆಯ ದಿನ ಬೆಟ್ಟದಪುರದಿಂದ ನನ್ನನ್ನು ಕರೆತಂದಾಗ ವ್ಯಾನಿನಲ್ಲಿ ನಿಮ್ಮ ಪಕ್ಕ ಕೂತಿದ್ದು ಅದು, ನಾನು ಹಿಂದಿನ ಸೀಟಿನಲ್ಲಿದ್ದೆ. ಅಂಥ ಪೆಟ್ಟಿಗೆ ಇಲ್ಲದೆ ಯಾವ ನಾಟಕ ಕಲಿಸುತ್ತೀರಿ ಎಂದು ಅವತ್ತೇ ನನ್ನ ತಲೆಗೆ ಹುಳ ಬಿತ್ತು.

ದೀಪಾವಳಿಗೆ ಒಂದು ದಿನ ಬಂದಿರಲ್ಲ, ಆಗ ಅನುಮಾನ ಇಳಿಯುವ ಬದಲು ಏರಿತು. ಬಚ್ಚಲಲ್ಲಿ ನೀರು ಹುಯ್ದುಕೊಳ್ಳುತ್ತಾ ಏನೋ ಗುನುಗುತ್ತಿದ್ದಿರಿ. ನಾನು ಟವೆಲ್ ಹಿಡಿದು ಬಂದ ಸದ್ದಾಗುತ್ತಲೇ ಗಪ್‌ಚಿಪ್. ನನಗೆ ಸಂಗೀತದ ಗಂಧವಿಲ್ಲ ಎಂದು ನೀವೇ ಯಾವ ಕಾಲದಲ್ಲೋ ತೀರ್ಪು ಕೊಟ್ಟಿದ್ದೀರಿ, ಇರಲಿ. ಕಿವಿ ಇದೆಯಲ್ಲ. ಅದು ನಾಟಕದ ಮಟ್ಟು ಅಲ್ಲ ಎನ್ನುವಷ್ಟು ಗೊತ್ತಾಯಿತು. ನೀವು ಹೋದ ಮಾರನೆಯ ದಿನ ಟ್ರಂಕು ತೆಗೆದರೆ, ಗೌರಿ ಹಬ್ಬಕ್ಕೆ ಅಣ್ಣ ತಂದುಕೊಟ್ಟಿದ್ದ ಹಸಿರು ಸೀರೆ ಇಲ್ಲ. ಮಡಿಕೆ ಬಿಚ್ಚದ ತವರಿನ ಸೀರೆ! ಮನೆಯಲ್ಲಿ ನಾವಿಬ್ಬರೇ. ನಾನು ಉಟ್ಟಿಲ್ಲ, ನೀವು ಉಡುವವರಲ್ಲ. ಪಿರಿಯಾಪಟ್ಟಣಕ್ಕೆ ಫೋನು ಮಾಡಿ ಮಗಳು ಪುಷ್ಪಾಳನ್ನು ಕೇಳಿದರೆ ಅವಳು ನಕ್ಕುಬಿಟ್ಟಳು, “ಅರವತ್ಮೂರು ವರ್ಷದ ಅಪ್ಪನ ಮೇಲೆ ಎಂಥ ಅನುಮಾನನಮ್ಮ ನಿಂಗೆ!” ಎಂದಳು. ಅವಳಿಗೇನು, ನಗುತ್ತಾಳೆ. ನನಗೆ ಎರಡು ದಿನ ಅನ್ನ ಸೇರಲಿಲ್ಲ. ಹೋದ ವಾರ ಇದೇ ರಮೇಶ್ ಸಿಕ್ಕಿದಾಗ ಮೆಲ್ಲಗೆ ಬಾಯಿ ಬಿಡಿಸಿದೆ. “ನಾಟ್ಕನಾ? ನಮ್ತಾವ ಯಾವ ನಾಟ್ಕನೂ ಇಲ್ಲ ಕಣವ್ವ. ಮೇಷ್ಟ್ರು ದಿನಾ ಬೊಮ್ಮಮ್ಮನ ಮನೆತಾವೇ ಇರ್ತಾರೆ” ಎಂದ.

ಆಮೇಲೆ ಸುಮ್ಮನೆ ಕೂರುವವಳೇ ನಾನು? ಶನಿವಾರ ಬೆಳಿಗ್ಗೆ ಎಮ್ಮೆಯನ್ನು ಗೌರೀಶನ ಹೆಂಡತಿಗೆ ಒಪ್ಪಿಸಿ, ಕೋಟೆಗೆ ಬಂದು, ಅಲ್ಲಿಂದ ಇನ್ನೊಂದು ಬಸ್ಸು ಹಿಡಿದು ಬೇಗೂರಿನಲ್ಲಿ ಇಳಿದೆ. ಹೌದು, ನಾನು ಬಂದಿದ್ದೆ. ನಿಮಗೆ ಗೊತ್ತೇ ಆಗಲಿಲ್ಲ. ದಾರಿಯುದ್ದಕ್ಕೂ ಏನೇನು ಬೈಯಬೇಕೆಂದು ಒಂದೊಂದೇ ಜೋಡಿಸಿಕೊಂಡಿದ್ದೆ. ಹಾಡಿಯಲ್ಲಿ ಬೊಮ್ಮಮ್ಮನ ಮನೆ ಕೇಳಿಕೊಂಡು ಹೋಗಿ ಬೇಲಿಯ ಹಿಂದೆ ನಿಂತು ನೋಡಿದರೆ, ಅಂಗಳದಲ್ಲಿ ನನ್ನ ಹಸಿರು ಸೀರೆ! ಸೀರೆ ಉಟ್ಟವಳು ಈ ಕಡೆ ತಿರುಗಿದಳು. ಎಂಬತ್ತರ ಹತ್ತಿರದ ಮುದುಕಿ, ಬಾಯಲ್ಲಿ ಮೂರೋ ನಾಲ್ಕೋ ಹಲ್ಲು. ಸೊಪ್ಪು ಬಿಡಿಸುತ್ತಾ ಕೂತಿದ್ದಾಳೆ. ಅವಳೆದುರು ನೆಲದ ಮೇಲೆ, ಮಂಡಿ ಮಡಿಸಲಾಗದೆ ಒಂದು ಕಾಲು ನೀಡಿಕೊಂಡು, ನೀವು.

ಅವಳು ಒಂದು ಸಾಲು ಹಾಡಿದಳು, ನೀವು ಹಾಡಿದಿರಿ. “ಅಂಗಲ್ಲ ಕಣಪ್ಪ” ಎಂದಳು. ಮತ್ತೆ ಹಾಡಿದಿರಿ. “ಅಂಗಲ್ಲ ಅಂದ್ನಲ್ಲ. ನೀನು ಮೆಟ್ಲು ಇಳ್ದಂಗೆ ಇಳೀತೀಯ. ಜಾರ್ಕಂಡು ಬಾ.” ನಾನು ಎಣಿಸಿದೆ, ಹನ್ನೊಂದು ಸಲ. ಕೊನೆಗೆ ನೀವು ಹಣೆ ಚಚ್ಚಿಕೊಂಡು “ಆ ಸ್ವರ ನನ್ನ ಪೆಟ್ಟಿಗೇಲೇ ಇಲ್ಲ ಕಣವ್ವ, ಬೆರಳು ಕರೀದ್ರ ಮೇಲೂ ಕೂರಲ್ಲ, ಬಿಳೀದ್ರ ಮೇಲೂ ಕೂರಲ್ಲ. ನಲವತ್ತು ವರ್ಷ ಇದ್ನ ತಪ್ಪು ಅಂತ್ಲೇ ಕಲಿಸ್ದೆ” ಎಂದಿರಿ. ಅವಳು ಸೊಪ್ಪಿನ ದಂಟು ಎಸೆದು “ಈಗ ಬಂದಿದ್ದೀಯಲ್ಲ, ಹಾಡು” ಎಂದಳು. ಊರೂರಿನ ರಾಜರನ್ನೂ ಮಂತ್ರಿಗಳನ್ನೂ ಗದರಿಸಿದ ನೀವು ಬೈಸಿಕೊಂಡು, ತಲೆ ತಗ್ಗಿಸಿ, ಮತ್ತೆ ಶುರು ಮಾಡಿದಿರಿ. ನಾನು ಮದುವೆಯಾದ ಮೇಲೆ ನಿಮ್ಮನ್ನು ಹಾಗೆ ಕಂಡೇ ಇರಲಿಲ್ಲ. ಮೆಚ್ಚುಗೆಯಾಯಿತು ಎಂದು ಒಪ್ಪಿಕೊಳ್ಳುತ್ತೇನೆ. ಹೊಟ್ಟೆಯೂ ಉರಿಯಿತು. ಜೋಡಿಸಿಕೊಂಡಿದ್ದ ಬೈಗುಳವನ್ನೆಲ್ಲ ಹಾಗೇ ಹೊತ್ತುಕೊಂಡು ಮಧ್ಯಾಹ್ನದ ಬಸ್ಸಿಗೆ ವಾಪಸ್ ಬಂದೆ.

ಸೀರೆಯ ವಿಷಯ ಬಿಡಿ, ಅಜ್ಜಿಗೆ ಒಪ್ಪುತ್ತದೆ. ಆದರೆ ಕಲಿಯಲು ಹೋಗುತ್ತೇನೆ ಎನ್ನುವ ಬದಲು ಕಲಿಸಲು ಹೋಗುತ್ತೇನೆ ಎಂದು ಸುಳ್ಳು ಹೇಳಿದಿರಲ್ಲ, ಅದು ನನ್ನ ಮನಸ್ಸಿನಲ್ಲಿ ಇನ್ನೂ ಮುಳ್ಳಾಡುತ್ತಿದೆ. ಬೊಮ್ಮಮ್ಮನಿಗೆ ನನ್ನ ನಮಸ್ಕಾರ ತಿಳಿಸಿ. ಬೆಲ್ಲದ ಪೊಟ್ಟಣ ಅವರಿಗೆ, ಮಾತ್ರೆಯ ಪೊಟ್ಟಣ ನಿಮಗೆ. ಅದಲುಬದಲು ಮಾಡಬೇಡಿ.

ನಿಮ್ಮ ದಾರಿ ಕಾಯುವ,
ಸುಂದ್ರಮ್ಮ

ತಾ.ಕ.: ರಮೇಶ್ ಜೀಪು ಸ್ಟಾರ್ಟ್ ಮಾಡಿದ್ದಾನೆ, ಬೇಗ ಬರೆಯುತ್ತೇನೆ. ಬೊಮ್ಮಮ್ಮ ಹೇಳಿಕೊಡುತ್ತಿದ್ದ ಆ ಸಾಲು ನನಗೆ ಬರುತ್ತದೆ. ಬೆಟ್ಟದಪುರದಲ್ಲಿ ಅಪ್ಪನ ಹೊಗೆಸೊಪ್ಪು ಪೋಣಿಸಲು ಹಾಡಿಯಿಂದ ಬರುತ್ತಿದ್ದ ಹೆಂಗಸರ ಜೊತೆ ಕೂತು ಕಲಿತಿದ್ದೆ. ಮದುವೆಯಾದ ಮೊದಲ ವರ್ಷ ಇದೇ ಜಗಲಿಯಲ್ಲಿ ರಾಗಿ ಕೇರುತ್ತಾ ಅದನ್ನೇ ಹಾಡುತ್ತಿದ್ದೆ. ನೀವು ಪೆಟ್ಟಿಗೆ ಎಳೆದುಕೊಂಡು ಕರಿದು ಬಿಳಿದು ಎಲ್ಲ ಒತ್ತಿ ನೋಡಿ, “ಇದು ಎಲ್ಲೂ ಕೂರಲ್ಲ, ಅಪಸ್ವರ. ನೀನು ಹಾಡ್ಬೇಡ ಬುಡು” ಎಂದಿರಿ. ಅಭ್ಯಾಸಕ್ಕೆ ಬಂದಿದ್ದ ಪಾರ್ಟಿನವರೆಲ್ಲ ನಕ್ಕರು. ನೀವೂ ನಕ್ಕಿರಿ. ಆಮೇಲೆ ಪುಷ್ಪಾಳನ್ನು ತೊಟ್ಟಿಲಿಗೆ ಹಾಕಿದಾಗಲೂ ನಾನು ಹಾಡಲಿಲ್ಲ. ಈಗ ಉಳಿದಿರುವ ಅನುಮಾನ ಒಂದೇ. ಅದನ್ನು ಮರೆತು ಅಲ್ಲಿಗೆ ಹೋದಿರೋ, ಇಲ್ಲ ನೆನಪಿದ್ದು, ಮನೆಯಲ್ಲಿ ಕೇಳಲು ಮುಖವಿಲ್ಲದೆ ಹೋದಿರೋ? ಉತ್ತರ ಬರೆಯಬೇಡಿ, ಭಾನುವಾರದ ಬಸ್ಸಿಗೆ ಬನ್ನಿ. ಪೆಟ್ಟಿಗೆಯನ್ನು ಅಟ್ಟಕ್ಕೆ ಹಾಕಿಸಿ ಏಣಿಯನ್ನು ಗೌರೀಶನ ಮನೆಗೆ ಕಳಿಸಿದ್ದೇನೆ. ಇಲ್ಲೂ ನೆಲದ ಮೇಲೇ ಕೂರಬೇಕು. ಎಷ್ಟು ಸಲ ತಪ್ಪಿದರೂ ನಾನು ನಗುವುದಿಲ್ಲ. ಗುರುಕಾಣಿಕೆಗೆ ಸೀರೆ ತನ್ನಿ. ಹಸಿರು ಬೇಡ.