ದಂಡಿಗೆ ಕಟ್ಟಿದ ಹಡಗು

ಸಾಲಗುಂದ
೨೨ ಜನವರಿ ೨೦೨೫

ನಮ್ಮ ಶಿವರಂಜನಿಯ ಅಪ್ಪನವರಿಗೆ ಶರಣು.

ಫೋನಿನಾಗ ಹೇಳಾಕ ಹೋದ್ರ ನಡುವ ಬಾಯಿ ಹಾಕ್ತೀರಿ, ಅದಕ್ಕ ಬರಿಯಾಕತ್ತೀನಿ. ನಮ್ಮ ಸಾಲಿ ಹುಡುಗರನ್ನ ಪ್ರವಾಸಕ್ಕ ಕರಕೊಂಡು ಹೋದಾಗ ನಿಮ್ಮ ಹಡಗು ನೋಡಿ ಬಂದೆ. ಗಂಡ ಮೊದಲು ದುಡಿದ ಹಡಗು ಅಂತ ಹೊಸ ಸೀರಿ ಬ್ಯಾರೆ ಉಟ್ಟಿದ್ದೆ, ಹುಚ್ಚಿ!

ಯುದ್ಧದ ಹಡಗನ್ನ ಈಗ ದಂಡಿಗೆ ಕಟ್ಟಿ, ನೀರಾಗ ತೇಲಬಿಟ್ಟು, ಟಿಕೇಟು ಹಚ್ಯಾರ. ಹುಡುಗರು ಫಿರಂಗಿ ಮುಂದ ಸೆಲ್ಫಿ ತಗೊಂಡ್ರು. ನಾ ಕಬ್ಬಿಣದ ಏಣಿ ಇಳಿದು, ನೀವು ಮಲಗೂ ಜಾಗ ಯಾವುದಿದ್ದೀತು ಅಂತ ಒಂದೊಂದ ಹಾಸಿಗಿ ಮುಟ್ಟಿ ನೋಡಿದೆ.

ತೋರಸಾಕ ಬಂದ ಗೌಸ್‌ಸಾಬ್ ನಿಮ್ಮ ಜತಿಗೇ ಇದ್ದವರು. ನಾವು ಸಿಂಧನೂರು ಕಡೆಯವರು ಅಂದಕೂಡಲೇ ನಿಂಗರಾಜ ಅಂತ ನಿಮ್ಮ ಹೆಸರು ತಗದ್ರು. ನಾ ಯಾರಂತ ಹೇಳಲಿಲ್ಲ. ಹಡಗು ನಿವೃತ್ತಿ ಆದಮ್ಯಾಲೆ ಮ್ಯೂಸಿಯಂ ಮಾಡಾಕ ಉಳಿದವರೊಳಗ ನಿಂಗರಾಜನೂ ಒಬ್ಬ, ಅವತ್ತಿಂದ ಇದು ಒಂದು ಮಾರೂ ಕದಲಿಲ್ಲ ಅಂತ ನಕ್ರು. ಹಡಗು ಹಂಗ ದಂಡಿಗೆ ನಿಂತಮ್ಯಾಲೆ ಒಂದು ಎಳ್ಳಮಾವಾಸಿಗೆ ನಿಮ್ಮವ್ವ ಬಡಿದು ಕಳಿಸಿದ ಸಜ್ಜಿರೊಟ್ಟಿ ಎಲ್ಲಾರಿಗೂ ಹಂಚಿದ್ರಂತ. ಉಣ್ಣುವಾಗ ಊರಿಂದ ಫೋನ್ ಬಂತಂತ, ಎದ್ದು ಅತ್ತಾಗ ಹೋಗಿ ಮಾತಾಡಿ ಬಂದ್ರಂತ. ಯಾರದು ಅಂತ ಕೇಳಿದ್ರ, ಏನಿಲ್ಲ ಬಿಡು ಅಂದು ಮತ್ತ ಊಟಕ್ಕ ಕುಂತ್ರಂತ.

ಆ ಫೋನ್ ಮಾಡಿದಾಕಿ ನಾನ. ಅತ್ತಿ ಹೋಗಿಬಿಟ್ರು, ಬರ್ರಿ ಅಂದಿದ್ದೆ. ನಡುಸಮುದ್ರದಾಗ ಅದೀವಿ, ದಂಡಿ ಕಾಣವಲ್ದು ಅಂತ ಬಿಕ್ಕಿದ್ರಿ. ನಡುಸಮುದ್ರದಾಗ ಮೊಬೈಲ್ ಹೆಂಗ ಹತ್ತತೈತಿ ಅಂತ ಕೇಳೂವಷ್ಟು ಬುದ್ಧಿ ಸಮುದ್ರ ಕಾಣದ ಈ ಕಾಲುವಿ ನೀರಿನ ಮಂದಿಗೆ ಎಲ್ಲಿಂದ ಬರಬೇಕು?

ಅತ್ತೀನ ವಿಭೂತಿ ಹಚ್ಚಿ ಗ್ವಾಡಿಗೆ ಕುಂದ್ರಿಸಿ, ಇದ್ದೊಬ್ಬ ಮಗ ಬಂದಾನು ಅಂತ ಮರುದಿನ ಸಂಜೀತನಕ ಕಾದೆ. ಮರಿಸ್ವಾಮಿ ಐನಾರು ಬೈದ್ರು. ಕಡೀಕ ಮಗ ಹಾಕೂ ಮಣ್ಣು ನಾ ಹಾಕಿದೆ. ಹೆಂಗಸು ಕುಣಿಗೆ ಮಣ್ಣು ಹಾಕ್ತಾಳೇನು ಅಂತ ಮಂದಿ ಆಡಿಕೊಂಡಾಗ, ನನ್ನ ಗಂಡ ದೇಶ ಕಾಯಾಕತ್ತಾನ ಅಂತ ಅವರ ಜೋಡಿ ಜಗಳಾಡಿದೆ. ನೀವು ತಿಂಗಳ ಮ್ಯಾಲೆ ಬಂದು ಕುಣಿ ಮುಂದ ಹೊರಳಾಡಿದ್ರಿ. ನಿಮ್ಮ ಕಣ್ಣೀರನ್ನ ನನ್ನ ಸೆರಗಿಲೆ ಒರಸಿದೆ. ಥೂ!

ಯಾಕ ಬರಲಿಲ್ಲ ಅಂತ ಕೇಳೂದಿಲ್ಲ. ನೀವು ಹೇಳಿದ್ರೂ ನಾ ನಂಬೂದಿಲ್ಲ. ನೌಕರಿ ಬಿಟ್ಟು ಬರೂ ತಿಂಗಳು ಮನಿಗೇ ಬಂದುಬಿಡ್ತೀನಿ ಅಂದೀರಿ. ಬರಬ್ಯಾಡ್ರಿ. ಮಗಳಿಗೆ ನಾ ಅದೀನಿ.

ಅಂಬಮ್ಮನ ಸೊಸಿ,
ಪದ್ಮಾವತಿ

ತಾ.ಕ.: ನಿಮ್ಮ ಸೋದರಮಾವ ಗದ್ದೆಪ್ಪನವರು ಅಳಿಯ ಬರತಾನ ಅಂತ ಮನಿಗೆ ಸುಣ್ಣ ಹಚ್ಚಾಕ ನಿಂತಿದ್ರು. ಬಿಡುಗಡಿ ಸಿಕ್ಕಿಲ್ಲಂತ, ಹಡಗು ಮತ್ತ ನಡುಸಮುದ್ರಕ್ಕ ಹೋಗೈತಂತ ಅಂದೆ. ಪಾಪ, ನಂಬಿದ್ರು.